ಕೇರೋಕೆ ಕೈ ಸಾಕು, ತೂರೋಕೆ ಗಾಳಿ ಬೇಕು

ನಾನು ಅಯ್ಯನವರಲ್ಲ, ಅಂದರೆ ಪಾದ್ರಿಯಲ್ಲ, ಮೇಷ್ಟ್ರು. ಚಿತ್ರದುರ್ಗದಿಂದ ಹೊಳಲ್ಕೆರೆ ಕಡೆ ಹೋಗುವ ದಾರಿಯಲ್ಲಿ ನಮ್ಮದೊಂದು ಸಣ್ಣ ಕ್ರೈಸ್ತ ಸಭೆ. 30 ಮನೆ ಇದ್ದರೆ ಜಾಸ್ತಿ. ಅಯ್ಯನವರಿಗೆ ಇನ್ನೂ ಮೂರು ಊರು ನೋಡಿಕೊಳ್ಳಬೇಕು. ಅವರು ಬಾರದ ಭಾನುವಾರ ಪ್ರಸಂಗ, ಅಂದರೆ ಬೋಧನೆ, ನನ್ನ ಪಾಲಿಗೆ. ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ಭಾನುವಾರ ಆಗಮನ ಕಾಲ ಅಲ್ವಾ, ಅದರಲ್ಲಿ ಎರಡನೆಯದು ಯಾಕೋ ನನಗೇ ಬೀಳುತ್ತದೆ.

ಯಾವ ಭಾನುವಾರ ಬೈಬಲಿನ ಯಾವ ಭಾಗ ಅಂತ ಹೇಳುವ ನಮ್ಮ ಪಾಠಪಟ್ಟಿ 1992ರಲ್ಲಿ ಬಂದದ್ದು. ಅದರದು ಮೂರು ವರ್ಷಕ್ಕೊಂದು ಸುತ್ತು. ಒಂದು ವರ್ಷ ಮತ್ತಾಯ, ಮುಂದಿನ ವರ್ಷ ಮಾರ್ಕ, ಆಮೇಲೆ ಲೂಕ. ಯೋಹಾನನ ಸುವಾರ್ತೆ ನಡುನಡುವೆ ಬರುತ್ತದೆ. ಮತ್ತಾಯನ ವರ್ಷದಲ್ಲಿ ಆ ಎರಡನೇ ಭಾನುವಾರಕ್ಕೆ ಮೂರನೇ ಅಧ್ಯಾಯದ ಮೊದಲ 12 ವಚನ. ಯೇಸುವಿಗೆ ಮುಂಚೆ ಬಂದು ಜನರಿಗೆ ದೀಕ್ಷಾಸ್ನಾನ ಮಾಡಿಸುತ್ತಿದ್ದ ಸ್ನಾನಿಕನಾದ ಯೋಹಾನ ಅಡವಿಯಲ್ಲಿ ನಿಂತು ಬೈಯುವ ಭಾಗ. ಬರುವಾತನ, ಅಂದರೆ ಯೇಸುವಿನ, ಕೈಯಲ್ಲಿ ಮೊರ ಇದೆ, ಕಣ ಹಸನು ಮಾಡುತ್ತಾನೆ, ಗೋಧಿ ಕಣಜಕ್ಕೆ, ಹೊಟ್ಟು ಬೆಂಕಿಗೆ. 2019, 2022, 2025, ಮೂರು ಸಲವೂ ಇದೇ ನನಗೆ ಬಂತು.

ಮೊದಲ ಸಲ ಮಾಡಿದ್ದನ್ನು ನೆನೆದರೆ ನಾಚಿಕೆ. ಕಾಳು ಅಂದರೆ ಸಭೆಯೊಳಗಿನವರು, ಹೊಟ್ಟು ಅಂದರೆ ಹೊರಗಿನವರು ಅಂತ 25 ನಿಮಿಷ ಗುಡುಗಿದೆ. ಎದುರಿಗೇ ಒಬ್ಬರು ಕೂತಿದ್ದರು. ಹೆಂಡತಿ ಸಭೆಯವರು, ಅವರಲ್ಲ. ಸುಮ್ನೆ ಜೊತೆಗೆ ಬಂದು ಕೂರುತ್ತಿದ್ದ ಮನುಷ್ಯ. ಆ ವರ್ಷ ಕ್ರಿಸ್ಮಸ್‌ಗೆ ಅವರು ಬರಲಿಲ್ಲ. ಯಾರೂ ನನ್ನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ತಪ್ಪು ಎಲ್ಲಾಯಿತು ಅಂತ ಆಮೇಲೆ ಕೂತು ನೋಡಿದೆ. 12ನೇ ವಚನ ಒಂದನ್ನೇ ಹಿಡಿದಿದ್ದೆ. ಐದು ವಚನ ಹಿಂದಕ್ಕೆ ಹೋದರೆ ಯೋಹಾನ ಯಾರನ್ನು ಬೈಯುತ್ತಿದ್ದಾನೆ ಅಂತ ಬರೆದೇ ಇದೆ. ಆ ಕಾಲದ ಯೆಹೂದಿ ಧರ್ಮದ ಮುಂದಾಳುಗಳಾದ ಫರಿಸಾಯರನ್ನು, ಸದ್ದುಕಾಯರನ್ನು. ಅಬ್ರಹಾಮನೇ ನಮಗೆ ತಂದೆ, ಇನ್ನೇನು ಚಿಂತೆ ಅಂದುಕೊಂಡವರನ್ನು. ದೇವಸಭೆಯಲ್ಲಿ ಮುಂದಿನ ಸಾಲಿನಲ್ಲಿ ಕೂರುವವರನ್ನು! ಅಂದಿನಿಂದ ಹಾಳೆಯ ಮೇಲ್ಗಡೆ ಮೊದಲು ಬರೆಯುವುದು ಒಂದೇ ಪ್ರಶ್ನೆ: ಯಾರು, ಯಾರಿಗೆ ಹೇಳಿದ್ದು?

ಈಗ ಸೋಮವಾರವೇ ಆ ಭಾಗವನ್ನು ಗಟ್ಟಿಯಾಗಿ ಓದಿಬಿಡುತ್ತೇನೆ. ವ್ಯಾಖ್ಯಾನದ ಪುಸ್ತಕ ಗುರುವಾರದವರೆಗೆ ಮುಟ್ಟುವುದಿಲ್ಲ. ಮೊದಲೇ ತೆರೆದರೆ ಅದರಲ್ಲಿರುವ ಹಿಮ, ಚಳಿಗಾಲದ ಉದ್ದ ರಾತ್ರಿ ಎಲ್ಲ ನನ್ನ ಪ್ರಸಂಗಕ್ಕೆ ಬಂದು ಕೂರುತ್ತವೆ. ನಮ್ಮ ಕಡೆ ಡಿಸೆಂಬರ್ ಅಂದರೆ ರಾಗಿ ಒಕ್ಕಣೆ. ನಡುವಿನ ಎರಡು ದಿನ ಆ ಕೆಲಸ ಗೊತ್ತಿರುವವರನ್ನು ಹುಡುಕಿಕೊಂಡು ಹೋಗುತ್ತೇನೆ.

2022ರಲ್ಲಿ ಹಾಗೇ ಹೋದೆ. ಈಗ ಕಣ ಮಾಡುವವರು ಕಡಿಮೆ. ಜನ ರಾಗಿ ತೆನೆಯನ್ನು ಡಾಂಬರು ರಸ್ತೆ ಮೇಲೆ ಹರಡುತ್ತಾರೆ, ಲಾರಿ ಬಸ್ಸುಗಳೇ ತುಳಿಯುತ್ತವೆ. ರಸ್ತೆ ಬದಿಯಲ್ಲಿ ನಮ್ಮ ಸಭೆಯ ಅಜ್ಜಿ ಒಬ್ಬರು ರಾಗಿ ರಾಶಿ ಕಾಯುತ್ತಾ ಕೂತಿದ್ದರು. ಮೊರದ ವಚನ ಓದಿ ಹೇಳಿದೆ. ಆತ ಕೂತು ಕೇರುತ್ತಾನೆ ಅಂತ ನಾನು ಅಂದಿದ್ದೇ ತಡ, ಅಜ್ಜಿ ನಕ್ಕರು.

"ಕಣದಾಗೆ ಯಾರಾದ್ರೂ ಕೇರ್ತಾರಾ ಮೇಷ್ಟ್ರೆ? ಕೇರೋದು ಮನೇಲಿ. ಕಣದಾಗೆ ತೂರ್ತಾರೆ. ಕೇರೋಕೆ ಕೈ ಸಾಕು, ತೂರೋಕೆ ಗಾಳಿ ಬೇಕು."

ಗ್ರೀಕಿನಲ್ಲಿ ಅಲ್ಲಿರುವ ಪದ ಕಾಳನ್ನು ಗಾಳಿಗೆ ಎಸೆಯುವ ಕವಲು ಸಲಿಕೆಯದ್ದು ಅಂತ ಗುರುವಾರ ಪುಸ್ತಕ ಹೇಳಿತು. ಅಜ್ಜಿ ಮಂಗಳವಾರವೇ ಹೇಳಿದ್ದರು. ಗ್ರೀಕಿನಲ್ಲಿ ಗಾಳಿಗೂ ಆತ್ಮಕ್ಕೂ ಒಂದೇ ಪದ, ನ್ಯೂಮ. 11ನೇ ವಚನದಲ್ಲಿ ಪವಿತ್ರಾತ್ಮ ಮತ್ತು ಬೆಂಕಿ. 12ರಲ್ಲಿ ತೂರುವುದು ಮತ್ತು ಬೆಂಕಿ. ಗಾಳಿಯ ಹೆಸರೆತ್ತದೆ ಯೋಹಾನ ಅದೇ ಜೋಡಿಯನ್ನು ಕಣದ ಮಾತಿನಲ್ಲಿ ಇನ್ನೊಮ್ಮೆ ಹೇಳಿದ್ದಾನೆ ಅಂತ ನನಗೆ ಆಗ ಹೊಳೆಯಿತು. ತೂರುವವನು ಮೊರ ಎತ್ತಿ ಸುರಿಯುತ್ತಾನೆ, ಬೇರೆ ಮಾಡುವುದು ಗಾಳಿ.

ಹೊಟ್ಟು ಅಂದರೆ ಕೆಟ್ಟವರು ಅಲ್ವಾ ಅಜ್ಜಿ, ಅಂತ ಕೇಳಿದ್ದಕ್ಕೆ ಇನ್ನೊಂದು ಬಿತ್ತು. "ಹೊಟ್ಟಿಲ್ದೆ ಕಾಳು ಎಲ್ಲಿ ಬೆಳೀತದೆ? ಎಳೇದಿದ್ದಾಗ ಕಾಳಿಗೆ ಅದೇ ಬಟ್ಟೆ. ಬಲಿತ ಮೇಲೆ ಬ್ಯಾಡ, ಅಷ್ಟೆ." ಆ ಭಾನುವಾರದ ಪ್ರಸಂಗ 12 ನಿಮಿಷಕ್ಕೆ ಮುಗಿಯಿತು. ಒಂದೇ ಕಾಳು, ಅದರದೇ ಹೊಟ್ಟು.

ಮುಂದಿನ ಮಾರ್ಚ್‌ನಲ್ಲಿ, ಈಸ್ಟರ್‌ಗೆ ಮುಂಚಿನ ಉಪವಾಸ ಕಾಲವಾದ ಲೆಂಟ್‌ನ ಮೂರನೇ ಭಾನುವಾರ, ಬಾವಿ ಹತ್ತಿರ ಯೇಸು ಮಾತಾಡಿಸಿದ ಸಮಾರ್ಯದ ಹೆಂಗಸಿನ ಭಾಗ. ಹಿಂದಿನ ಸೆಪ್ಟೆಂಬರ್‌ನಲ್ಲಷ್ಟೇ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಸಲ ತುಂಬಿ ಕೋಡಿ ಬಿದ್ದಿತ್ತು. ನೀರು ಅಂತ ಶುರು ಮಾಡಿದರೆ ಸಾಕು, ಜನ ಕೇಳುತ್ತಾರೆ ಅಂದುಕೊಂಡೆ. ಅವಳು ಕೊಡ ಬಿಟ್ಟು ಊರೊಳಗೆ ಹೋದದ್ದನ್ನು ಹಳೆಯ ಬದುಕು ಬಿಟ್ಟಳು ಅಂತ ಬರೆದಿದ್ದೆ. ನನ್ನ ಹೆಂಡತಿ ಓದಿ, "ನಲ್ಲಿ ಹತ್ರ ಕೊಡ ಇಟ್ಟು ಹೋದ್ರೆ ಬಿಟ್ಟು ಹೋದ್ಲು ಅಂತಾನಾ ರೀ? ವಾಪಸ್ ಬರ್ತೀನಿ ಅಂತ" ಅಂದಳು. ನಿಜ, ಅವಳು ಊರವರನ್ನೇ ಕರಕೊಂಡು ವಾಪಸ್ ಬಂದಳಲ್ಲ. ಆ ಪುಟ ಹರಿದೆ.

2025ರ ಡಿಸೆಂಬರ್ 7. ಈ ಸಲ ಮಕ್ಕಳಿಗೆ ತೂರುವುದನ್ನು ತೋರಿಸೋಣ ಅಂತ ಮೊರ, ಎರಡು ಸೇರು ಹೊಟ್ಟಿನ ರಾಗಿ ತೆಗೆದುಕೊಂಡು ಹೋದೆ. ಕಿಟಕಿ ತೆರೆದರೂ ಎಲೆ ಅಲುಗಲಿಲ್ಲ. ದೂರದ ಗುಡ್ಡದ ಮೇಲೆ ಗಾಳಿಯಂತ್ರದ ರೆಕ್ಕೆಗಳೂ ನಿಂತಿದ್ದವು. ಮೊರ ಎತ್ತಿ ಹಿಡಿದು ಹಾಗೇ ನಿಂತೆ. ಗಾಳಿಗೆ ಕಾಯುವುದೂ ಪ್ರಸಂಗದ್ದೇ ಭಾಗ ಅಂತ ಹೇಳಬೇಕು ಅನ್ನುವಷ್ಟರಲ್ಲಿ ಒಬ್ಬ ಹುಡುಗ ಎದ್ದು ಸ್ಟ್ಯಾಂಡ್ ಫ್ಯಾನ್ ಹಾಕಿಬಿಟ್ಟ, ಫುಲ್ ಸ್ಪೀಡ್. ಕಾಳು ನನ್ನ ಕಾಲ ಬಳಿ ಬಿತ್ತು. ಹೊಟ್ಟು ಪೂರ್ತಿ ಮುಂದಿನ ಸಾಲಿಗೆ ಹೋಯಿತು. ಅಲ್ಲಿ ಕೂತಿದ್ದವರು ಸಭೆಯ ಹಿರಿಯರು. ಅಜ್ಜಿ ಸೆರಗು ಬಾಯಿಗೆ ಇಟ್ಟುಕೊಂಡರು.

ಬೆಂಕಿಯ ಬಗ್ಗೆ ಎರಡು ಪುಟ ಬರೆದುಕೊಂಡಿದ್ದೆ, ತೆಗೆಯಲಿಲ್ಲ. ಅವು ಬೈಬಲಿನೊಳಗೇ ಇವೆ. 2028ಕ್ಕೆ ಮೊದಲು ಇಟ್ಟಿಗೆ ಗೂಡಿನವರನ್ನು ಯಾರನ್ನಾದರೂ ಮಾತಾಡಿಸಬೇಕು.