ಎಲೆಕ್ಟ್ರೋಲೈಟಿಗೆ ನೂರಕ್ಕೆ ಎರಡರಷ್ಟು ವಿಸಿ: ಬೆರೆಸುವುದು, ತುಂಬುವುದು, ಪರೀಕ್ಷಿಸುವುದು

ವಿನೈಲೀನ್ ಕಾರ್ಬೊನೇಟ್, ಅಂದರೆ ವಿಸಿ, ಲಿಥಿಯಂ-ಅಯಾನ್ ಬ್ಯಾಟರಿಯೊಳಗಿನ ದ್ರವಕ್ಕೆ (ಎಲೆಕ್ಟ್ರೋಲೈಟಿಗೆ) ಚೂರೇ ಬೆರೆಸುವ ವಸ್ತು. ಡಿಸೆಂಬರ್ ಬೆಳಗ್ಗೆ ಮೈಸೂರಿನ ಲ್ಯಾಬಿನಲ್ಲಿ ಅದರ ಬಾಟಲಿ ತೆಗೆದರೆ ಒಳಗೆ ದ್ರವದ ಬದಲು ಬಿಳಿ ಹರಳು ಕಾಣಬಹುದು. ಕೆಟ್ಟಿತೆಂದು ಎಸೆಯಬೇಡಿ. ಅದು ಕರಗುವುದೇ 20 ಡಿಗ್ರಿ ಆಸುಪಾಸಿನಲ್ಲಿ. ಫ್ರಿಜ್ಜಿನಲ್ಲಿಟ್ಟದ್ದಂತೂ ವರ್ಷವಿಡೀ ಗಟ್ಟಿ. ಕಂದು ಬಣ್ಣಕ್ಕೆ ತಿರುಗಿದ್ದರೆ ಮಾತ್ರ ಬೇಡ. ಮುಚ್ಚಳ ತೆಗೆಯದೆ ಹೊರಗಿಟ್ಟು, ಪೂರ್ತಿ ಕರಗಿದ ಮೇಲೆ, ಬಾಟಲಿಯ ಮೈ ಒರೆಸಿ ಗಾಳಿ, ತೇವ ಸುಳಿಯದ ಗ್ಲೋವ್ ಬಾಕ್ಸಿಗೆ ಹಾಕಿ. ಆಷಾಢದ ಮಳೆಯಲ್ಲಿ ತಣ್ಣನೆಯ ಬಾಟಲಿ ಬೆವರುತ್ತದೆ; ಆ ಬೆವರು ಒಳಗೆ ಹೋದರೆ ಮುಂದಿನ ಕೆಲಸವೆಲ್ಲ ದಂಡ.

ವಿಸಿ ಮಾಡುವುದಿಷ್ಟು: ಮೊದಲ ಚಾರ್ಜಿನಲ್ಲಿ ಎಲೆಕ್ಟ್ರೋಲೈಟಿನ ದ್ರಾವಕವಾದ ಎಥಿಲೀನ್ ಕಾರ್ಬೊನೇಟ್ ಒಡೆಯುವ ಮೊದಲೇ ತಾನು ಒಡೆದು, ಆನೋಡಿನ (ಋಣ ಎಲೆಕ್ಟ್ರೋಡಿನ) ಗ್ರಾಫೈಟಿನ ಮೇಲೆ ಪಾಲಿಮರಿನಂಥ ತೆಳು ಪದರ ಕಟ್ಟುತ್ತದೆ. ಆ ಪದರ ಗಟ್ಟಿಯಾಗಿದ್ದಷ್ಟೂ ಮುಂದಿನ ಸೈಕಲ್‌ಗಳಲ್ಲಿ ಲಿಥಿಯಂ ಪೋಲಾಗುವುದು ಕಡಿಮೆ. ಹಾಗೆಂದು ಶೇ. 5 ಸುರಿದರೆ ಪದರ ದಪ್ಪವಾಗಿ ಒಳರೋಧ ಏರುತ್ತದೆ. ವೇಗದ ಚಾರ್ಜಿನಲ್ಲಿ ಸೆಲ್ ಸೋಲುತ್ತದೆ. ಗ್ರಾಫೈಟಿಗೆ ಶೇ. 2 ಸಾಕು. ಆನೋಡಿನಲ್ಲಿ ಸಿಲಿಕಾನ್ ಇದ್ದರೆ ವಿಸಿಗಿಂತ ಫ್ಲೋರೋಎಥಿಲೀನ್ ಕಾರ್ಬೊನೇಟ್ ಒಳ್ಳೆಯದು, ಶೇ. 10ರ ತನಕ. ಆದರೆ ಅದು ಸೈಕಲ್ ಸೈಕಲ್‌ಗೂ ಖರ್ಚಾಗುತ್ತಾ ಹೋಗುತ್ತದೆ. ಮುಗಿದ ದಿನ ಕೆಪಾಸಿಟಿ ದಡಕ್ಕನೆ ಬೀಳುತ್ತದೆ.

ಬೆರೆಸುವಾಗ ಅಳತೆಗಿಂತ ತೂಕವನ್ನೇ ನಂಬಿ. 1 ಮೋಲಾರ್ ಲಿಥಿಯಂ ಹೆಕ್ಸಾಫ್ಲೋರೋಫಾಸ್ಫೇಟ್ ಉಪ್ಪು ಇರುವ ಎಲೆಕ್ಟ್ರೋಲೈಟ್ 9.80 ಗ್ರಾಂ, ವಿಸಿ 0.20 ಗ್ರಾಂ, ಒಟ್ಟು 10 ಗ್ರಾಂ. ಆ 0.20 ಗ್ರಾಂ ಅಂದರೆ ಸುಮಾರು 148 ಮೈಕ್ರೋಲೀಟರ್. ಗಾಜಿನ ಬಾಟಲಿ ಬೇಡ, ಈ ಉಪ್ಪಿನಿಂದ ಹುಟ್ಟುವ ಆಮ್ಲ ಗಾಜನ್ನೇ ತಿನ್ನುತ್ತದೆ. ಒಣಗಿಸಿದ ಎಚ್‌ಡಿಪಿಇ ಪ್ಲಾಸ್ಟಿಕ್ ಅಥವಾ ಟೆಫ್ಲಾನ್ ಬಾಟಲಿ ಇರಲಿ. ಇದೇ ಲಾಟಿನ ಎಲೆಕ್ಟ್ರೋಲೈಟನ್ನು ಏನೂ ಬೆರೆಸದೆ ಇನ್ನೊಂದು ಬಾಟಲಿಯಲ್ಲಿ ಎತ್ತಿಡಿ. ಹೋಲಿಸಲು ಅದಿಲ್ಲದಿದ್ದರೆ ಪರೀಕ್ಷೆಯೇ ಇಲ್ಲ.

ಎಷ್ಟೋ ಸೆಲ್ಲುಗಳು ಸೋಲುವುದು ನೀರಿನಿಂದ. ನೀರು ತಗುಲಿದ ಉಪ್ಪು ಹೈಡ್ರೋಫ್ಲೋರಿಕ್ ಆಮ್ಲ ಬಿಡುತ್ತದೆ. ಆಮ್ಲ ಕ್ಯಾಥೋಡಿನ (ಧನ ಎಲೆಕ್ಟ್ರೋಡಿನ) ಲೋಹವನ್ನು ಕರಗಿಸುತ್ತದೆ. ಆ ಲೋಹ ಹೋಗಿ ಗ್ರಾಫೈಟಿನ ಪದರವನ್ನು ಕೆಡಿಸುತ್ತದೆ. ವಿಸಿ ಇದಕ್ಕೆ ಮದ್ದಲ್ಲ. ಎಲೆಕ್ಟ್ರೋಲೈಟಿನಲ್ಲಿ ನೀರು 20 ಪಿಪಿಎಂ (ಹತ್ತು ಲಕ್ಷಕ್ಕೆ 20 ಪಾಲು) ಒಳಗಿರಬೇಕು, ಗ್ಲೋವ್ ಬಾಕ್ಸಿನಲ್ಲಿ 1 ಪಿಪಿಎಂ ಒಳಗೆ. ಎಲೆಕ್ಟ್ರೋಡುಗಳನ್ನು ವ್ಯಾಕ್ಯೂಮ್ ಓವನ್ನಿನಲ್ಲಿ 110 ಡಿಗ್ರಿಗೆ ರಾತ್ರಿಯಿಡೀ ಒಣಗಿಸಿ. ಎರಡು ಎಲೆಕ್ಟ್ರೋಡುಗಳ ನಡುವೆ ಕೂರುವ ಪ್ಲಾಸ್ಟಿಕ್ ಸೆಪರೇಟರಿಗೆ 60 ಡಿಗ್ರಿ ಸಾಕು, ಹೆಚ್ಚಾದರೆ ಮುದುಡುತ್ತದೆ. ಕರೆಂಟು ಹೋಗಿ ಗ್ಲೋವ್ ಬಾಕ್ಸಿನ ಬ್ಲೋವರ್ ನಿಂತಿದ್ದರೆ ರೀಡಿಂಗ್ ಇಳಿಯುವ ತನಕ ಯಾವ ಮುಚ್ಚಳವನ್ನೂ ತೆಗೆಯಬೇಡಿ.

ನಾಣ್ಯದಾಕಾರದ ಸಿಆರ್ 2032 ಸೆಲ್ಲಿಗೆ 14 ಮಿಮೀ ಕ್ಯಾಥೋಡ್, 15 ಮಿಮೀ ಗ್ರಾಫೈಟ್, 19 ಮಿಮೀ ಸೆಪರೇಟರ್. ಗ್ರಾಫೈಟ್ ಒಂದು ಮಿಮೀ ದೊಡ್ಡದಿರುವುದು ಬೇಕೆಂದೇ: ಕ್ಯಾಥೋಡಿನ ಅಂಚು ಹೊರಚಾಚಿದರೆ ಅಲ್ಲಿ ಲಿಥಿಯಂ ಲೋಹವಾಗಿ ಕೂರುತ್ತದೆ. ಎಲೆಕ್ಟ್ರೋಲೈಟ್ 50 ಮೈಕ್ರೋಲೀಟರ್, ಎಲ್ಲ ಸೆಲ್ಲಿಗೂ ಒಂದೇ ಸಮ. ಅರ್ಧ ಸೆಪರೇಟರಿನ ಕೆಳಗೆ, ಅರ್ಧ ಮೇಲೆ. ಸೆಪರೇಟರಿನ ಅಡಿ ಗುಳ್ಳೆ ಕಂಡರೆ ಚಿಮಟದಿಂದ ಮೆಲ್ಲಗೆ ಎತ್ತಿ ಮತ್ತೆ ಕೂರಿಸಿ.

ಕ್ಯಾಥೋಡಿನ ಬದಲು ಲಿಥಿಯಂ ತಗಡನ್ನು ಗ್ರಾಫೈಟಿಗೆ ಎದುರಿಟ್ಟು ವಿಸಿಯನ್ನು ಅಳೆಯುವುದು ಬಹಳ ಕಡೆ ಕಾಣುವ ತಪ್ಪು. ತಗಡಿನಲ್ಲಿ ಲಿಥಿಯಂ ಬೇಕಾದಷ್ಟಿದೆ. ಎಷ್ಟು ಪೋಲಾದರೂ ಕೆಪಾಸಿಟಿಯಲ್ಲಿ ಕಾಣುವುದಿಲ್ಲ. ಕ್ಯಾಥೋಡ್ ಮತ್ತು ಗ್ರಾಫೈಟ್ ಎರಡೂ ಇರುವ ಪೂರ್ಣ ಸೆಲ್ಲೇ ಬೇಕು, ಒಂದೊಂದು ಎಲೆಕ್ಟ್ರೋಲೈಟಿಗೆ ಮೂರರಂತೆ.

ಜೋಡಿಸಿದ ಮೇಲೆ 12 ಗಂಟೆ ನೆನೆಯಲು ಬಿಡಿ. ಕ್ಯಾಥೋಡಿನಲ್ಲಿ ಎನ್‌ಎಂಸಿ (ನಿಕಲ್-ಮ್ಯಾಂಗನೀಸ್-ಕೋಬಾಲ್ಟ್ ಆಕ್ಸೈಡ್) ಚದರ ಸೆಂಮೀಗೆ 10 ಮಿಗ್ರಾಂ ಇದ್ದರೆ ಒಟ್ಟು 15.4 ಮಿಗ್ರಾಂ, ಸುಮಾರು 2.5 ಮಿಲಿಆಂಪ್-ಅವರ್. ಮೊದಲ ಎರಡು ಸೈಕಲ್ 20 ಗಂಟೆಯ ದರದಲ್ಲಿ (ಒಂದು ಚಾರ್ಜಿಗೆ 20 ಗಂಟೆ), ಅಂದರೆ 0.125 ಮಿಲಿಆಂಪ್; ಅವಸರ ಮಾಡಿದರೆ ಪದರ ತೂತುತೂತಾಗುತ್ತದೆ. ಚಾರ್ಜ್-ಡಿಸ್ಚಾರ್ಜ್ ಮಾಡಿಸುವ ಸೈಕ್ಲರಿಗೆ ಯುಪಿಎಸ್ ಇರಲಿ. ಸೆಲ್ಲುಗಳನ್ನು 30 ಡಿಗ್ರಿಯ ಇನ್‌ಕ್ಯುಬೇಟರಿನಲ್ಲಿಡಿ. ಮೇಜಿನ ಮೇಲಿಟ್ಟರೆ ಮೈಸೂರಿನ ಹಗಲು-ರಾತ್ರಿಯೇ ಗ್ರಾಫಿನಲ್ಲಿ ಅಲೆಯಾಗಿ ಮೂಡುತ್ತದೆ.

ನೋಡಬೇಕಾದ್ದು ಕೂಲಂಬಿಕ್ ಎಫಿಶಿಯೆನ್ಸಿಯ, ಅಂದರೆ ತುಂಬಿದ ಚಾರ್ಜಿನಲ್ಲಿ ಮರಳಿ ಸಿಕ್ಕಿದ ಪಾಲಿನ, ಮೂರನೆಯ ಅಂಕಿ. ಪೋಲಾದದ್ದೆಲ್ಲ ಲಿಥಿಯಮ್ಮೇ ಎಂದು ಲೆಕ್ಕ ಹಾಕಿದರೆ, ಶೇ. 99.8 ಇದ್ದ ಸೆಲ್ಲಿನಲ್ಲಿ 200 ಸೈಕಲ್ ಬಳಿಕ ಉಳಿಯುವುದು ಶೇ. 67, 99.95 ಇದ್ದರೆ ಶೇ. 90. ಜೊತೆಗೆ ಮೊದಲ ಚಾರ್ಜಿನ ಡಿಕ್ಯೂ-ಡಿವಿ ಗ್ರಾಫ್ (ವೋಲ್ಟೇಜ್ ಚೂರು ಏರಿದಾಗ ಎಷ್ಟು ಚಾರ್ಜ್ ಒಳಹೋಯಿತೆಂಬುದರ ಗ್ರಾಫ್) ಬಿಡಿಸಿ. ವಿಸಿ ಇಲ್ಲದ ಸೆಲ್ಲಿನಲ್ಲಿ 3 ವೋಲ್ಟಿನ ಆಸುಪಾಸು ಒಂದು ಉಬ್ಬು ಕಾಣುತ್ತದೆ, ಎಥಿಲೀನ್ ಕಾರ್ಬೊನೇಟ್ ಒಡೆಯುವ ಗುರುತು. ವಿಸಿ ಇದ್ದರೆ ಅದು ಕುಗ್ಗಬೇಕು ಇಲ್ಲವೇ ಜಾಗ ಬದಲಿಸಬೇಕು. ಎರಡೂ ಗ್ರಾಫ್ ಒಂದೇ ತೆರನಾಗಿದ್ದರೆ ಮೊದಲು ಅನುಮಾನಿಸಬೇಕಾದ್ದು ಬಾಟಲಿಯ ಮೇಲಿನ ಲೇಬಲನ್ನು.