ಮೂರು ಮನೆ, ಮೂರು ಥರ್ಮಾಮೀಟರ್

ಹುಬ್ಬಳ್ಳಿಗಿಂತ ನಮ್ಮೂರು ನಾಲ್ಕೈದು ಡಿಗ್ರಿ ತಂಪು ಅನ್ನೋದು ಧಾರವಾಡದವರ ಜಂಬ. ನನಗೂ ಇತ್ತು. ಹುಬ್ಬಳ್ಳಿಯ ಮಾವನವರ ಮುಂದೆ ಒಮ್ಮೆ ಹಾಗೇ ಅಂದೆ. "ಅಳೆದು ನೋಡೀರೇನು?" ಎಂದರು. ನೋಡಿರಲಿಲ್ಲ.

ದಿನದ ಗರಿಷ್ಠ, ಕನಿಷ್ಠ ಎರಡನ್ನೂ ಹಿಡಿದಿಡುವ ಮೂರು ಥರ್ಮಾಮೀಟರ್ ತಂದೆ. ಮೊದಲು ಮೂರನ್ನೂ ಒಂದು ವಾರ ಅಕ್ಕಪಕ್ಕ ತೂಗುಹಾಕಿದೆ. ಒಂದು ಯಾವಾಗಲೂ ಒಂದು ಡಿಗ್ರಿ ಜಾಸ್ತಿ ತೋರಿಸುತ್ತಿತ್ತು. ಅದಕ್ಕೆ ಚೀಟಿ ಅಂಟಿಸಿ, ಅಷ್ಟು ಕಳೆದು ಬರೆಯುವುದು ಅಂತ ಮಾಡಿಕೊಂಡೆ. ಆಮೇಲೆ ಒಂದು ಮಾವನವರಿಗೆ, ಒಂದು ಗದಗಿನ ಅಕ್ಕನಿಗೆ.

ಮೊದಲ ತಿಂಗಳು ಪೂರ್ತಿ ದಂಡ. ನಮ್ಮದನ್ನು ಮಾಳಿಗೆ ಮೇಲೆ, ತಗಡಿನ ಕೆಳಗೆ ಗೋಡೆಗೆ ನೇತುಹಾಕಿದ್ದೆ. ಏಪ್ರಿಲ್ ಮಧ್ಯಾಹ್ನ 43 ತೋರಿಸಿತು! ಅಕ್ಕನ ಮನೆಯ ಬೇವಿನ ಗಿಡದ ನೆರಳಲ್ಲಿ 37. "ತಮ್ಮಾ, ಗದಗಕ್ಕಿಂತ ಧಾರವಾಡನ ಸುಡ್ತದೇನೋ?" ಅಂತ ಫೋನಿನಲ್ಲಿ ನಕ್ಕಳು. ಅದು ಗಾಳಿಯ ಬಿಸಿ ಅಲ್ಲ, ತಗಡು ಮತ್ತು ಗೋಡೆಯ ಬಿಸಿ. ಹಿತ್ತಲಿಗೆ ತಂದರೆ ಐದಾರು ಡಿಗ್ರಿ ಇಳಿಯಿತು. ನಾನು ಎರಡು ಊರಿನ ನಡುವೆ ಹೇಳುತ್ತಿದ್ದ ಅಂತರ ನಮ್ಮ ಮಾಳಿಗೆಗೂ ಹಿತ್ತಲಿಗೂ ಇತ್ತು, ಅಷ್ಟೇ.

ಬಡಿಗೇರನ ಕಡೆ ಮೂರು ಪೆಟ್ಟಿಗೆ ಮಾಡಿಸಿದೆ. ಗಾಳಿಯಾಡುವ ಪಟ್ಟಿ, ಬಿಳಿ ಬಣ್ಣ, ನೆಲದಿಂದ ನಾಲ್ಕಡಿ ಮೇಲೆ, ಬಾಗಿಲು ತೆರೆದಾಗ ಬಿಸಿಲು ಒಳಗೆ ಬೀಳದಿರಲಿ ಅಂತ ಅದು ಉತ್ತರಕ್ಕೆ. ಆದರೆ ಮೇ ತಿಂಗಳಿನಿಂದ ಆಗಸ್ಟ್ ಶುರುವಿನ ತನಕ ನಮ್ಮ ಕಡೆ ಮಧ್ಯಾಹ್ನದ ಸೂರ್ಯ ಉತ್ತರಕ್ಕೇ ಸರಿದಿರುತ್ತಾನೆ. ಹಾಗಾಗಿ ಆ ದಿನಗಳಲ್ಲಿ ಮಧ್ಯಾಹ್ನ ಬಾಗಿಲು ತೆರೆಯಬಾರದು. ಮೂರೂ ಮನೆಯಲ್ಲಿ ನೋಡುವ ಹೊತ್ತು ಒಂದೇ, ಬೆಳಿಗ್ಗೆ ಎಂಟೂವರೆ. ಹವಾಮಾನ ಇಲಾಖೆಯವರೂ ಆಗ ನೋಡುತ್ತಾರೆ. ಹಿಂದಿನ ದಿನದ ಗರಿಷ್ಠ, ಆ ಬೆಳಗಿನ ಕನಿಷ್ಠ ಎರಡೂ ಸಿಗುತ್ತವೆ.

ಬೇಸಿಗೆಯಲ್ಲಿ ನನ್ನ ಜಂಬ ಇಳಿಯಿತು. ಹುಬ್ಬಳ್ಳಿಗೂ ನಮಗೂ ಒಂದು ಡಿಗ್ರಿ ಫರಕು ಬಂದರೆ ಹೆಚ್ಚು. ಲೆಕ್ಕವೂ ಅಷ್ಟೇ ಹೇಳುತ್ತದೆ. ಸಾವಿರ ಮೀಟರ್ ಏರಿದರೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ. ಧಾರವಾಡ ಹುಬ್ಬಳ್ಳಿಗಿಂತ ಎತ್ತರ ಇರುವುದು ನೂರು ಮೀಟರಿನೊಳಗೆ. ಸಂಜೆ ಪಡುವಣ ಗಾಳಿ ಬೀಸಿದಾಗ ನಮಗೆ ಹಾಯ್ ಅನ್ನಿಸುತ್ತದಲ್ವಾ, ಜಂಬ ಹುಟ್ಟಿದ್ದು ಅಲ್ಲಿಂದಲೇ ಇರಬೇಕು.

ನಿಜವಾದ ಅಂತರ ಕಂಡಿದ್ದು ಆರಿದ್ರಾ ಮಳೆ ಹಿಡಿದ ಮೇಲೆ. ಘಟ್ಟದ ಕಡೆಯ ಮೋಡ ಅಳ್ನಾವರ, ಕಲಘಟಗಿ ದಾಟಿ ಧಾರವಾಡದ ಮೇಲೆ ಕೂತುಬಿಡುತ್ತದೆ. ಜಿಟಿಜಿಟಿ, ಬಿಸಿಲೇ ಇಲ್ಲ. ಪೂರ್ವಕ್ಕೆ ಹೋದಂತೆ ಮೋಡ ತೆಳುವಾಗುತ್ತದೆ. ಒಂದು ದಿನ ನಾನು ಸ್ವೆಟರ್ ಹಾಕಿಕೊಂಡು ಗದಗಿನ ರೈಲು ಹತ್ತಿದೆ. ಅಣ್ಣಿಗೇರಿ ಬರುವಷ್ಟರಲ್ಲಿ ಎರೆ ಹೊಲದ ಮೇಲೆ ಬಿಸಿಲು. ಸ್ವೆಟರ್ ಚೀಲಕ್ಕೆ ಹೋಯಿತು. ಜುಲೈಯಲ್ಲಿ ಗದಗಿನ ಮಧ್ಯಾಹ್ನ ನಮಗಿಂತ ಎರಡು ಡಿಗ್ರಿ ಮೇಲೇ ಇರುತ್ತಿತ್ತು.

ಇನ್ನೊಂದು ವಿಚಿತ್ರ. ಧಾರವಾಡದಲ್ಲಿ ಜನವರಿ ಮಧ್ಯಾಹ್ನಕ್ಕಿಂತ ಜುಲೈ ಮಧ್ಯಾಹ್ನವೇ ತಂಪು. ಚಳಿಗಾಲ ಅಂತ ನಾವು ಹೇಳುವುದು ರಾತ್ರಿಯ ಲೆಕ್ಕ.

ವಹಿ ತೆಗೆದುಕೊಂಡು ಹುಬ್ಬಳ್ಳಿಗೆ ಹೋದೆ. ಮಾವನವರು ಕನ್ನಡಕ ಹಾಕಿಕೊಂಡು ಏಪ್ರಿಲ್ ಪುಟಗಳನ್ನಷ್ಟೇ ನೋಡಿದರು. ಜುಲೈ ತೋರಿಸಿದರೆ, "ಅದು ಮಳೀ ಕೆಲಸ, ನಿಮ್ಮೂರಿಂದಲ್ಲ" ಎಂದರು.