ಹೆಲ್ಮೆಟ್ ಒಳಗೆ ಹಾಡು ಕೇಳಬೇಕೆಂದರೆ ಎಂಥ ಇಯರ್‌ಫೋನ್ ಕೊಳ್ಳಬೇಕು

ಎರಡು ವಾರಕ್ಕೊಮ್ಮೆ ಶನಿವಾರ ಬೆಳಗ್ಗೆ ಐದೂವರೆಗೆ ಬೆಂಗಳೂರು ಬಿಟ್ಟು ಸಕಲೇಶಪುರದ ಮನೆಗೆ ಬೈಕಿನಲ್ಲಿ ಹೋಗುತ್ತೇನೆ. ನೆಲಮಂಗಲ ದಾಟಿದರೆ ಕುಣಿಗಲ್, ಯಡಿಯೂರು, ಬೆಳ್ಳೂರು ಕ್ರಾಸ್, ಹಿರೀಸಾವೆ, ಚನ್ನರಾಯಪಟ್ಟಣ, ಹಾಸನ. ಹೆಚ್ಚುಕಡಿಮೆ 220 ಕಿಲೋಮೀಟರ್, ತಿಂಡಿಗೆ ನಿಲ್ಲಿಸಿದ್ದೂ ಸೇರಿ ಐದು ಗಂಟೆ. ಅಷ್ಟು ಹೊತ್ತು ಹಾಡು ಜೊತೆಗಿರಲಿ ಅಂತ ಆರು ವರ್ಷದಲ್ಲಿ ನಾಲ್ಕು ಥರದ ಇಯರ್‌ಫೋನ್ ಬಳಸಿದ್ದೇನೆ.

ಮೊದಲೆರಡು ವರ್ಷ ಒಂದೇ ತಪ್ಪು ಮಾಡುತ್ತಿದ್ದೆ. ಹಾಡು ಕೇಳಿಸದಿದ್ದರೆ ವಾಲ್ಯೂಮ್ ಏರಿಸುವುದು. ಒಂದು ದಿನ ಮನೆ ತಲುಪಿ ಹೆಲ್ಮೆಟ್ ತೆಗೆದಾಗ ಅಮ್ಮ ಅಡುಗೆಮನೆಯಿಂದ ಕರೆದದ್ದು ಕೇಳಿಸಲೇ ಇಲ್ಲ. ಕಿವಿಯೊಳಗೆ ಜೀರುಂಡೆ ಕೂತ ಹಾಗೆ ಗುಂಯ್ ಅನ್ನುವ ಸದ್ದು. ಮಾರನೇ ದಿನ ಮಧ್ಯಾಹ್ನದವರೆಗೂ ಅದು ಹೋಗಲಿಲ್ಲ. ನನಗೆ ನಿಜಕ್ಕೂ ಭಯವಾಯಿತು.

ಬೈಕ್ ಸವಾರನ ಕಿವಿ ಕೆಡಿಸುವುದು ಇಂಜಿನ್ನಿನ ಸದ್ದು ಅಂದುಕೊಳ್ಳುತ್ತೇವೆ. ವೇಗ ಹಿಡಿದ ಮೇಲೆ ಅದಕ್ಕಿಂತ ದೊಡ್ಡದು ಗಾಳಿ. ಹೆಲ್ಮೆಟ್ಟಿನ ಕೆಳಅಂಚಿನಲ್ಲಿ, ಕುತ್ತಿಗೆಯ ಹತ್ತಿರ ಗಾಳಿ ಸುಳಿ ಸುತ್ತಿ ಒಳಗೆ ನುಗ್ಗುತ್ತದೆ. ಫುಲ್ ಫೇಸ್ ಹೆಲ್ಮೆಟ್ ಹಾಕಿ ವೈಸರ್ ಮುಚ್ಚಿದರೂ ಗಂಟೆಗೆ 100 ಕಿ.ಮೀ. ವೇಗದಲ್ಲಿ ಒಳಗಿನ ಸದ್ದು ಸುಮಾರು 95ರಿಂದ 100 ಡೆಸಿಬಲ್. ಕೆಲಸದ ಜಾಗದ ಸದ್ದಿಗೆ, ಕೆಲಸಗಾರರ ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ಎನ್‌ಐಒಎಸ್‌ಎಚ್ ಸಂಸ್ಥೆ ಸೂಚಿಸಿರುವ ಮಿತಿ 85 ಡೆಸಿಬಲ್‌ಗೆ ದಿನಕ್ಕೆ 8 ಗಂಟೆ. ಪ್ರತಿ 3 ಡೆಸಿಬಲ್ ಏರಿದಾಗಲೂ ಆ ಹೊತ್ತು ಅರ್ಧಕ್ಕಿಳಿಯುತ್ತದೆ. ಆ ಲೆಕ್ಕದಲ್ಲಿ 100 ಡೆಸಿಬಲ್‌ಗೆ ಸಿಗುವುದು 15 ನಿಮಿಷ ಮಾತ್ರ. ಇದು ಬರೀ ಗಾಳಿಯ ಲೆಕ್ಕ. ಅದನ್ನು ಮೀರಿ ಹಾಡು ಕೇಳಬೇಕೆಂದು ವಾಲ್ಯೂಮ್ ಏರಿಸಿದರೆ ಕಿವಿಯ ಗತಿ ಏನಾಗಬೇಕು?

ಆದ್ದರಿಂದ ಇಯರ್‌ಫೋನ್ ಕೊಳ್ಳುವಾಗ ನಾನು ಮೊದಲು ನೋಡುವುದು ಅದು ಕಿವಿಯನ್ನು ಎಷ್ಟು ಚೆನ್ನಾಗಿ ಮುಚ್ಚುತ್ತದೆ ಅನ್ನುವುದನ್ನು. ಬೇಸ್ ಎಷ್ಟಿದೆ, ಯಾವ ಕಂಪನಿಯದು ಅನ್ನುವುದೆಲ್ಲ ಆಮೇಲೆ. ಗಾಳಿ ತಗ್ಗಿದರೆ ಕಡಿಮೆ ವಾಲ್ಯೂಮ್‌ನಲ್ಲೇ ವೀಣೆಯ ಗಮಕ ಕೂಡ ಕೇಳಿಸುತ್ತದೆ. ಕಿವಿಯ ಹೊರಗಡೆ ಸುಮ್ಮನೆ ಕೂರುವ, ರಬ್ಬರ್ ತುದಿಯಿಲ್ಲದ ಗಟ್ಟಿ ಪ್ಲಾಸ್ಟಿಕ್ಕಿನವು ಇದಕ್ಕೆ ಬೇಡವೇ ಬೇಡ. ಕಿವಿಯೊಳಗೆ ಇಳಿಯುವಂಥದ್ದೇ ಬೇಕು. ಡಬ್ಬಿಯಲ್ಲಿ ಮೂರು ಅಳತೆಯ ಸಿಲಿಕೋನ್ ತುದಿ ಬರುತ್ತವೆ. ಹೆಚ್ಚಿನವರು ಹಾಕಿ ಬಂದದ್ದನ್ನೇ ಬಳಸುತ್ತಾರೆ, ಮೂರನ್ನೂ ಹಾಕಿ ನೋಡಿ. ನನ್ನ ಎಡಗಿವಿಗೆ ಮಧ್ಯಮ, ಬಲಗಿವಿಗೆ ದೊಡ್ಡದು. ಸಾಧ್ಯವಾದರೆ ಮೆಮೊರಿ ಫೋಮ್ ತುದಿ ಬೇರೆ ಕೊಳ್ಳಿ. ಬೆರಳಲ್ಲಿ ಹೊಸೆದು ಸಣ್ಣಗೆ ಮಾಡಿ ಕಿವಿಗಿಟ್ಟರೆ ಒಳಗೆ ಅರಳಿಕೊಂಡು ಕೂರುತ್ತದೆ, ಸಿಲಿಕೋನ್‌ಗಿಂತ ಹೆಚ್ಚು ಸದ್ದು ತಡೆಯುತ್ತದೆ. ಕೆಲವು ತಿಂಗಳಿಗೆ ಅದರ ಬಿಗಿ ಹೋಗುತ್ತದೆ, ಆಗ ಬದಲಿಸಬೇಕು.

ಎರಡನೆಯದು ಆಕಾರ. ಇಲ್ಲೇ ಬಹಳ ದುಡ್ಡು ದಂಡವಾಗುವುದು. ಕೆಳಗೆ ಕಡ್ಡಿ ಇಳಿಬಿಟ್ಟಿರುವ ಇಯರ್‌ಬಡ್ಸ್ ಹೆಲ್ಮೆಟ್ಟಿನ ಕೆನ್ನೆಯ ಪ್ಯಾಡಿಗೆ ಉಜ್ಜಿ, ಹೆಲ್ಮೆಟ್ ಹಾಕುವಾಗಲೇ ತಿರುಗಿಬಿಡುತ್ತವೆ. ದಪ್ಪಗೆ ಹೊರಗೆ ಉಬ್ಬಿಕೊಂಡಿರುವವು ಅರ್ಧ ಗಂಟೆಯಲ್ಲಿ ಕಿವಿಯ ಹಾಲೆಯನ್ನು ನೋಯಿಸುತ್ತವೆ. ಕಿವಿಯ ಮೇಲೆ ಕೊಂಡಿ ಹಾಕುವಂಥವು ಓಟಕ್ಕೆ ಚೆನ್ನ, ಆದರೆ ಕನ್ನಡಕದ ಕಡ್ಡಿಯ ಜೊತೆ ಅದೂ ಸೇರಿದರೆ ಹೆಲ್ಮೆಟ್ ಒತ್ತಿ ತಲೆ ಸಿಡಿಯುತ್ತದೆ. ಕಿವಿಯ ಬಟ್ಟಲಿನೊಳಗೇ ಅಡಗುವಷ್ಟು ಚಪ್ಪಟೆ, ಪುಟ್ಟದು ಇರಬೇಕು. ಕನ್ನಡಿ ಮುಂದೆ ನಿಂತು ಅಂಗೈಯಿಂದ ಕಿವಿ ಮುಚ್ಚಿಕೊಳ್ಳಿ. ಇಯರ್‌ಫೋನ್ ಅಂಗೈಗೆ ಚುಚ್ಚಿದರೆ ಹೆಲ್ಮೆಟ್ಟಿಗೂ ಚುಚ್ಚುತ್ತದೆ.

ಅಂಗಡಿಗೆ ಹೋಗುವಾಗ ನಿಮ್ಮ ಹೆಲ್ಮೆಟ್ಟನ್ನೇ ತೆಗೆದುಕೊಂಡು ಹೋಗಿ. ಸಂಕೋಚ ಬೇಡ. ಇಯರ್‌ಫೋನ್ ಹಾಕಿ, ಮೇಲೆ ಹೆಲ್ಮೆಟ್ ಹಾಕಿ, ಪಟ್ಟಿ ಬಿಗಿದು, ಎಡಕ್ಕೆ ಬಲಕ್ಕೆ ತಿರುಗಿ ನೋಡಿ. ಬಾಯಿ ಅಗಲಿಸಿ, ಏನೋ ಅಗಿಯುತ್ತಿರುವ ಹಾಗೆ ದವಡೆ ಆಡಿಸಿ. ಆಮೇಲೆ ಹೆಲ್ಮೆಟ್ ತೆಗೆಯಿರಿ. ಮೂರು ಸಲವೂ ಇಯರ್‌ಫೋನ್ ಕದಲದೆ ಇದ್ದರೆ ಆಯಿತು. ವೈರ್‌ಲೆಸ್ ಬಡ್ ಆದರೆ ಇನ್ನೊಂದು ಪರೀಕ್ಷೆ ಇದೆ. ಬೆರಳು ಮುಟ್ಟಿದರೆ ಹಾಡು ಬದಲಾಗುವಂಥವು ಪ್ಯಾಡ್ ತಗುಲಿದರೂ ಬದಲಾಗುತ್ತವೆ. ಆಪ್‌ನಲ್ಲಿ ಆ ಟಚ್ಚನ್ನು ಪೂರ್ತಿ ಆಫ್ ಮಾಡಲು ಬರುತ್ತದೆಯೇ ಕೇಳಿಕೊಳ್ಳಿ.

ನಾಯ್ಸ್ ಕ್ಯಾನ್ಸಲಿಂಗ್ ಇದ್ದರೆ ಎಲ್ಲ ಸರಿಹೋಗುತ್ತದೆ ಅನ್ನುವವರಿದ್ದಾರೆ. ಅದು ಹೊರಗಿನ ಸದ್ದನ್ನು ಮೈಕಿನಲ್ಲಿ ಹಿಡಿದು, ಅದಕ್ಕೆ ತದ್ವಿರುದ್ಧವಾದ ಅಲೆ ಹೊರಡಿಸಿ ಅಳಿಸುವ ಉಪಾಯ. ಬಸ್ಸು, ವಿಮಾನದ ಒಂದೇ ಸಮನೆಯ ಮೊರೆತಕ್ಕೆ ಚೆನ್ನಾಗಿ ಒಪ್ಪುತ್ತದೆ. ಹೆಲ್ಮೆಟ್ಟಿನ ಗಾಳಿ ಹಾಗಲ್ಲ, ಕ್ಷಣಕ್ಕೊಂದು ಥರ ಬಡಿಯುತ್ತದೆ. ಅದು ನೇರವಾಗಿ ಮೈಕಿಗೇ ಹೊಡೆದರೆ ಗುಡುಗುಡು ಅನ್ನುವ ಹೊಸ ಸದ್ದೇ ಹುಟ್ಟುತ್ತದೆ. ನಾನು ಅದನ್ನು ಆಫ್ ಮಾಡಿಯೇ ಓಡಿಸುತ್ತೇನೆ. ಅದಕ್ಕಾಗಿ ಹೆಚ್ಚು ದುಡ್ಡು ಕೊಡುವುದು ಬೇಡ.

ಕೆನ್ನೆಯ ಮೂಳೆಯ ಮೇಲೆ ಕೂತು ಮೂಳೆಯ ಮೂಲಕವೇ ಸದ್ದು ಕಳಿಸುವ ಬೋನ್ ಕಂಡಕ್ಷನ್ ಇಯರ್‌ಫೋನ್ ಕೂಡ ನಮಗಲ್ಲ. ಕಿವಿ ತೆರೆದೇ ಇರುವುದರಿಂದ ಗಾಳಿ ತಡೆಯುವುದಿಲ್ಲ, ಹಿಂದಿನ ಪಟ್ಟಿ ಹೆಲ್ಮೆಟ್ಟಿಗೆ ತಾಗುತ್ತದೆ. ಕಿವಿಯೊಳಗೆ ಏನೂ ಇಡಲಾಗದವರಿಗೆ ಹೆಲ್ಮೆಟ್ಟಿಗೆ ಅಂಟಿಸುವ ಇಂಟರ್‌ಕಾಮ್ ಸ್ಪೀಕರ್ ಇದೆ. ಸ್ಪೀಕರ್ ಕಿವಿಯ ರಂಧ್ರಕ್ಕೆ ಸರಿಯಾಗಿ ಎದುರಿರಬೇಕು, ಸ್ವಲ್ಪ ಸರಿದರೂ ಬೇಸ್ ಮಾಯ. ಅದನ್ನು ಕೂರಿಸಲು ಹೆಲ್ಮೆಟ್ಟಿನ ಒಳಗಿನ ಥರ್ಮಾಕೋಲ್ ಕೆರೆಯಲೇಬೇಡಿ. ಬಿದ್ದಾಗ ಏಟು ನುಂಗಿ ತಲೆ ಉಳಿಸುವುದು ಅದೇ.

ಕುತ್ತಿಗೆಯ ಸುತ್ತ ಪಟ್ಟಿಯಿರುವ ನೆಕ್‌ಬ್ಯಾಂಡ್ ನನಗೆ ಇಷ್ಟ. ಈಗ ಬಳಸುತ್ತಿರುವುದು ಒಂದೂವರೆ ಸಾವಿರದ್ದು. ಕಿವಿಯಿಂದ ಜಾರಿದರೂ ರಸ್ತೆಗೆ ಬೀಳುವುದಿಲ್ಲ, ಗ್ಲೌಸ್ ಹಾಕಿಕೊಂಡೇ ಬಟನ್ ಒತ್ತಬಹುದು. ಪಟ್ಟಿಯನ್ನು ಜಾಕೆಟ್ಟಿನ ಕಾಲರ್ ಒಳಗೆ ಸೇರಿಸಿ. ಹೊರಗಿದ್ದರೆ ಗಾಳಿಗೆ ವೈರ್ ಬಡಿಯುವ ಸದ್ದು ನೇರ ಕಿವಿಗೆ ಬರುತ್ತದೆ.

ಮಲೆನಾಡಿನ ಕಡೆ ಹೋಗುವವರು, ನೀರನ್ನು ಎಷ್ಟು ತಡೆಯುತ್ತದೆ ಅಂತ ಹೇಳುವ ಐಪಿಎಕ್ಸ್ ಸಂಖ್ಯೆ ನೋಡಿಕೊಳ್ಳಿ. ಐಪಿಎಕ್ಸ್4 ಅಂದರೆ ಸುತ್ತಲಿಂದ ಸಿಡಿಯುವ ನೀರನ್ನು ತಡೆಯುತ್ತದೆ. ಹೆಲ್ಮೆಟ್ ಒಳಗಿನ ಬೆವರು, ಸೋನೆಗೆ ಸಾಕು. ಜುಲೈ ಮಳೆಗೆ ಐಪಿಎಕ್ಸ್5 ವಾಸಿ. ಬಡ್ಸ್‌ಗೆ ಇರುವ ಈ ರಕ್ಷಣೆ ಅದರ ಚಾರ್ಜಿಂಗ್ ಡಬ್ಬಿಗೆ ಸಾಮಾನ್ಯವಾಗಿ ಇರುವುದಿಲ್ಲ, ಡಬ್ಬಿಯನ್ನು ಪ್ಲಾಸ್ಟಿಕ್ ಕವರಿನಲ್ಲಿಡಿ.

ವಾಲ್ಯೂಮನ್ನು ಬೈಕ್ ಸ್ಟಾರ್ಟ್ ಮಾಡುವ ಮೊದಲೇ, ಪಕ್ಕದಲ್ಲಿ ನಿಂತವರ ಮಾತು ಕೇಳಿಸುವಷ್ಟಕ್ಕೆ ಇಡುತ್ತೇನೆ. ದಾರಿಯಲ್ಲಿ ಏರಿಸುವುದಿಲ್ಲ. ವೇಗದಲ್ಲಿ ಹಾಡು ಮುಳುಗಿದರೆ ತುದಿ ಸರಿಯಾಗಿ ಕೂತಿಲ್ಲ ಅಂತ ಅರ್ಥ, ಪಕ್ಕಕ್ಕೆ ನಿಲ್ಲಿಸಿ ಸರಿಮಾಡುತ್ತೇನೆ. ಹಾಡಿನ ಪಟ್ಟಿಯನ್ನು ಮನೆಯಲ್ಲೇ ಜೋಡಿಸಿಡಿ. ಓಡಿಸುತ್ತಾ ಫೋನ್ ಕೈಯಲ್ಲಿ ಹಿಡಿಯುವುದು ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್ ಪ್ರಕಾರ ಅಪರಾಧ. ಇಯರ್‌ಫೋನ್ ಕಂಡರೂ ಪೊಲೀಸರು ನಿಲ್ಲಿಸುವುದುಂಟು.

ಬೆಂಗಳೂರಿನ ಒಳಗೆ ನಾನು ಇಯರ್‌ಫೋನ್ ಹಾಕುವುದೇ ಇಲ್ಲ. ನೆಲಮಂಗಲ ದಾಟಿ ಪೆಟ್ರೋಲ್ ಬಂಕಿನಲ್ಲಿ ನಿಂತು ಹಾಕುತ್ತೇನೆ, ಆಲೂರು ದಾಟಿದ ಮೇಲೆ ತೆಗೆದು ಜೇಬಿಗಿಡುತ್ತೇನೆ. ಅಲ್ಲಿಂದ ಮುಂದೆ ಶಿರಾಡಿ ಘಾಟಿ ಹತ್ತಿ ಬಂದ ಲಾರಿಗಳು ಎದುರಾಗುತ್ತವೆ, ತಿರುವಿನಲ್ಲಿ ಕಣ್ಣಿಗೆ ಬೀಳುವ ಮೊದಲು ಕಿವಿಗೆ ಬೀಳುವುದು ಅವುಗಳ ಹಾರ್ನ್.